ಮಾಡದ ಸಾಲಕ್ಕೆ ತಿಂದ ಪೆಟ್ಟು



ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ಮಾತನಾಡಬೇಕಾದ ಈ ಪುಟದಲ್ಲಿ ಬ್ಯಾಂಕು, ಸಿಬಿಲ್ಲು, ಕ್ರೆಡಿಟ್ ಕಾರ್ಡು ಅಂತ ನಾನು ಬರೆಯಲು ಕುಳಿತದ್ದು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯ ತರಬಹುದು. ಕಾರ್ಡು ಇಟ್ಟುಕೊಂಡ ಹೆಂಗಸರು ನಮ್ಮ ಸಂಘಗಳಲ್ಲಿ ಎಷ್ಟು ಜನ ಇದ್ದಾರೆ, ಅದು ಉದ್ಯೋಗಸ್ಥರ ಚಿಂತೆಯಲ್ಲವೇ ಎಂದು ನೀವು ಕೇಳಬಹುದು. ಒಂದು ವರ್ಷದ ಹಿಂದಿನವರೆಗೆ ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಕಳೆದ ವರ್ಷ ನಮ್ಮ ಕಣ್ಣೆದುರಿಗೇ ಒಂದು ತಪ್ಪು ಕಾಗದ ಒಬ್ಬ ಹೆಣ್ಣುಮಗಳ ಬೆನ್ನಿನ ಮೇಲೆ ಬಾಸುಂಡೆಯಾಗಿ ಎದ್ದಿತು. ಆ ಕಾಗದ ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಅವಳ ಮನೆಗೆ ಬಂತು ಎಂದು ಹುಡುಕುತ್ತಾ ಹೋದಾಗ ನಮಗೆ ತಿಳಿದದ್ದನ್ನು ನಿಮಗೆ ಹೇಳಬೇಕಾಗಿದೆ.

ಆಕೆಯ ಹೆಸರು ಇಲ್ಲಿ ಬೇಡ. ಮೈಸೂರಿನ ಉತ್ತರ ಭಾಗದ ಒಂದು ಬಡಾವಣೆಯಲ್ಲಿದ್ದಾಳೆ. ಮೊದಲು ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದವಳು ಆಮೇಲೆ ಸಂಘದ ಸಾಲದಲ್ಲಿ ಹೊಲಿಗೆ ಯಂತ್ರ ತೆಗೆದುಕೊಂಡು ರವಿಕೆ ಹೊಲಿಯುವುದಕ್ಕೆ ಕೂತಳು. ಎಂಟು ವರ್ಷದಲ್ಲಿ ಒಂದು ಕಂತೂ ತಪ್ಪಿಸಿದವಳಲ್ಲ. ಅದನ್ನು ನೋಡಿಯೇ ಅವಳ ಉಳಿತಾಯ ಖಾತೆ ಇರುವ ಬ್ಯಾಂಕಿನವರು ತಾವಾಗಿಯೇ ಕರೆದು 40,000 ರೂಪಾಯಿ ಮಿತಿಯ ಒಂದು ಕಾರ್ಡು ಕೊಟ್ಟಿದ್ದರು. ಕ್ರೆಡಿಟ್ ಕಾರ್ಡು ಅಂದರೆ ಸಾಲದ ಬಲೆ ಎಂದು ನಾನೇ ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಬಾಕಿ ಉಳಿಸಿಕೊಂಡರೆ ತಿಂಗಳಿಗೆ ನೂರಕ್ಕೆ 3 ರೂಪಾಯಿಗೂ ಮೇಲೆ ಬಡ್ಡಿ ಬೀಳುವ ಆ ವಸ್ತುವಿನ ಬಗ್ಗೆ ನನ್ನ ಅನುಮಾನ ಈಗಲೂ ಪೂರ್ತಿ ಹೋಗಿಲ್ಲ. ಆದರೆ ಆಕೆ ಅದನ್ನು ಬಳಸುತ್ತಿದ್ದ ರೀತಿ ನೋಡಿ ನಾನು ಬಾಯಿ ಮುಚ್ಚಿಕೊಂಡೆ. ಗೌರಿ ಹಬ್ಬಕ್ಕೂ ದಸರಾಕ್ಕೂ ಮುಂಚೆ ಸಂತೇಪೇಟೆಯಲ್ಲಿ ಲೈನಿಂಗ್ ಬಟ್ಟೆ, ಫಾಲ್ಸ್, ದಾರ ಎಲ್ಲವನ್ನೂ ಸಗಟಾಗಿ ಕಾರ್ಡಿನಲ್ಲಿ ತರುವುದು. ಹೊಲಿದು ಕೊಟ್ಟ ಹಣ ಬಂದ ತಕ್ಷಣ, ಗಡುವಿನೊಳಗೆ ಪೂರ್ತಿ ಕಟ್ಟಿಬಿಡುವುದು. ಒಂದು ಪೈಸೆ ಬಡ್ಡಿಯಿಲ್ಲ. ಮೀಟರ್ ಬಡ್ಡಿಯವರ ಮನೆ ಬಾಗಿಲಿಗೆ ಹೋಗುವುದು ತಪ್ಪಿತ್ತು.

ಕಳೆದ ಆಷಾಢದಲ್ಲಿ ಒಂದು ಸಂಜೆ ಇಬ್ಬರು ಗಂಡಸರು ಅವಳ ಮನೆ ಮುಂದೆ ಬೈಕ್ ನಿಲ್ಲಿಸಿ ಹೆಸರು ಹಿಡಿದು ಕೂಗಿದರು. 2021ರಲ್ಲಿ ನೀನು ಸ್ಕೂಟರಿಗೆ ಸಾಲ ತೆಗೆದುಕೊಂಡಿದ್ದೀಯ, 62,000 ರೂಪಾಯಿ ಬಾಕಿ ಇದೆ, ಕಟ್ಟು ಎಂದರು. ಅವಳಿಗೆ ಸೈಕಲ್ ಹೊಡೆಯುವುದಕ್ಕೂ ಬರುವುದಿಲ್ಲ. ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಗಂಡ ಮನೆಯಲ್ಲೇ ಇದ್ದ.

ಆ ರಾತ್ರಿ ಅವನು ಕೇಳಿದ್ದು ಒಂದೇ ಪ್ರಶ್ನೆ: "ಯಾರಿಗ್ ಕೊಡ್ಸಿದ್ದೆ ಹೇಳು ಗಾಡೀನ?" ಅವನ ತಲೆಗೆ ಮೊದಲು ಹೊಳೆದದ್ದು ಅವಳ ತಮ್ಮ. ಆಮೇಲೆ ಹೊಳೆದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ; ಹೆಂಗಸಿನ ಮೇಲೆ ಅನುಮಾನ ಪಡುವ ಗಂಡಸಿನ ಬುದ್ಧಿ ಎಲ್ಲಿಗೆ ಹೋಗುತ್ತದೆ ಎಂದು ನಿಮಗೆ ಗೊತ್ತು. ಹೊಡೆದ. ಮೂರನೆಯ ದಿನ, ನಿನ್ನ ತವರಿನವರು ತಿಂದ ದುಡ್ಡು, ಅವರೇ ತಂದು ಕೊಡಲಿ ಎಂದು ನಂಜನಗೂಡು ಕಡೆಯ ಅವಳ ತವರಿಗೆ ಕಳಿಸಿದ. ಹತ್ತೊಂಬತ್ತು ವರ್ಷದ ಸಂಸಾರ. ಮದುವೆಯ ಹೊತ್ತಿನಲ್ಲಿ ಕೊಟ್ಟ ಸರ, ಉಂಗುರ ಎಲ್ಲ ಮುಗಿದ ಅಧ್ಯಾಯ ಎಂದುಕೊಂಡಿದ್ದ ಮನೆಯವರ ಮುಂದೆ ಮತ್ತೆ 62,000 ರೂಪಾಯಿಯ ಬೇಡಿಕೆ ಬಂದು ಕೂತಿತು. ಯಾರೋ ಮಾಡಿದ ಸಾಲ, ಯಾವುದೋ ಕಂಪ್ಯೂಟರು ಮಾಡಿದ ತಪ್ಪು, ಕೊನೆಗೆ ವರದಕ್ಷಿಣೆಯ ರೂಪ ಪಡೆದುಕೊಂಡು ಒಂದು ಬಡ ಮನೆಯ ಬಾಗಿಲಿಗೆ ಹೋಯಿತು. ತಮ್ಮ ತನ್ನ ಹೆಂಡತಿಯ ಓಲೆ ಅಡವಿಡುವುದಕ್ಕೆ ತಯಾರಾಗಿದ್ದ. ಅವಳು ನಮ್ಮ ಕಚೇರಿಗೆ ಬಂದದ್ದು ಆಗ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅವಳ ಸಂಘದ ಸಭೆಯಲ್ಲಿ ಈ ವಿಷಯ ಬಂದಾಗ "ಬೆಂಕಿಯಿಲ್ಲದೆ ಹೊಗೆ ಆಡ್ತದಾ?" ಎಂದು ಕೇಳಿದವರು ಗಂಡಸರಲ್ಲ, ನಮ್ಮವರೇ. ನಾನೂ ಅವಳನ್ನು ಎರಡು ಸಲ ಕೇಳಿದೆ, ಎಲ್ಲಾದರೂ ಸಹಿ ಹಾಕಿದ್ದೀಯಾ, ನೆನಪು ಮಾಡಿಕೋ ಅಂತ. ಕಂಪ್ಯೂಟರಿನಲ್ಲಿ ಬಂದ ಕಾಗದವನ್ನು ನಂಬುವಷ್ಟು ಸುಲಭವಾಗಿ ನಾವು ಎಂಟು ವರ್ಷ ಜೊತೆಗೆ ಕೂತು ಉಳಿತಾಯ ಕಟ್ಟಿದ ಹೆಂಗಸಿನ ಮಾತನ್ನು ನಂಬಲಿಲ್ಲ.

ಈ ನಡುವೆ ಸಂತೇಪೇಟೆಯ ಅಂಗಡಿಯಲ್ಲಿ ಅವಳ ಕಾರ್ಡು ನಡೆಯಲಿಲ್ಲ. ಎರಡು ಸಲ ಉಜ್ಜಿ ನೋಡಿ ಅಂಗಡಿಯವರು ವಾಪಸು ಕೊಟ್ಟರು. ಬ್ಯಾಂಕಿಗೆ ಹೋಗಿ ಕೇಳಿದಾಗ ಗೊತ್ತಾಯಿತು, 40,000 ಇದ್ದ ಮಿತಿಯನ್ನು 10,000ಕ್ಕೆ ಇಳಿಸಿಬಿಟ್ಟಿದ್ದಾರೆ. ಅದರಲ್ಲಿ 9,000 ಆಗಲೇ ಬಳಕೆಯಾಗಿತ್ತು. ಮಿತಿ ಇಳಿಸಿದರೆ ಗಿರಾಕಿಗೆ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕಿನ 2022ರ ಕಾರ್ಡು ನಿಯಮಗಳಲ್ಲಿದೆ. ತಿಳಿಸಿದ್ದೇವೆ, ಸಂದೇಶ ಕಳಿಸಿದ್ದೇವೆ ಎಂದರು ಬ್ಯಾಂಕಿನವರು. ಹೌದು, ಕಳಿಸಿದ್ದರು, ಗಂಡನ ಫೋನಿಗೆ. ಖಾತೆ ತೆರೆಯುವಾಗ ಅವಳಲ್ಲಿ ಫೋನ್ ಇರಲಿಲ್ಲ, ಅವನ ನಂಬರು ಕೊಟ್ಟಿದ್ದಳು. ಆ ಸಂದೇಶ ಅವನಿಗೆ ಇನ್ನೊಂದು ಸಾಕ್ಷಿಯಾಗಿತ್ತು!

ಬ್ಯಾಂಕಿನ ಕಾರ್ಡಿಗೂ ಎಲ್ಲೋ ಇರುವ ಸ್ಕೂಟರ್ ಸಾಲಕ್ಕೂ ಏನು ಸಂಬಂಧ? ಇದನ್ನು ತಿಳಿದುಕೊಳ್ಳುವುದು ಮುಖ್ಯ. ನಮ್ಮ ದೇಶದಲ್ಲಿ ಸಾಲಗಾರರ ಲೆಕ್ಕ ಇಡುವ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್. 2005ರ ಸಾಲ ಮಾಹಿತಿ ಕಂಪನಿಗಳ ಕಾಯಿದೆ ಇವುಗಳಿಗೆ ಆಧಾರ. ಬ್ಯಾಂಕು, ಫೈನಾನ್ಸ್ ಕಂಪನಿ, ಮೈಕ್ರೋ ಫೈನಾನ್ಸ್ ಸಂಸ್ಥೆ, ಯಾರು ಸಾಲ ಕೊಟ್ಟರೂ ಈ ಕಂಪನಿಗಳಿಗೆ ವಿವರ ಕೊಡಬೇಕು. ಮೊದಲು ತಿಂಗಳಿಗೊಮ್ಮೆ ಕೊಡುತ್ತಿದ್ದರು. 2025ರ ಜನವರಿ 1ರಿಂದ ಹದಿನೈದು ದಿನಕ್ಕೊಮ್ಮೆಯಾದರೂ ಕೊಡಲೇಬೇಕು ಎಂದಾಯಿತು. ಸ್ವಸಹಾಯ ಸಂಘದ ಸದಸ್ಯೆಯರ ವಿವರವನ್ನೂ ಒಬ್ಬೊಬ್ಬರ ಹೆಸರಿನಲ್ಲಿ ಕೊಡಬೇಕೆಂದು 2016ರಲ್ಲೇ ರಿಸರ್ವ್ ಬ್ಯಾಂಕು ಹೇಳಿದೆ. ಅಂದರೆ ನೀವು ಕಾರ್ಡು ನೋಡಿರಲಿ ಬಿಡಲಿ, ಸಂಘದಲ್ಲಿ ಸಾಲ ಮಾಡಿದ್ದರೆ ನಿಮ್ಮ ಹೆಸರಿನಲ್ಲೂ ಅಲ್ಲೊಂದು ಪುಟ ಇರುವ ಸಾಧ್ಯತೆ ಇದೆ. ಆ ಪುಟದ ಆಧಾರದ ಮೇಲೆ 300ರಿಂದ 900ರವರೆಗೆ ಒಂದು ಅಂಕ ಕೊಡುತ್ತಾರೆ, ಶಾಲೆಯ ಮಾರ್ಕ್ಸ್ ಕಾರ್ಡಿನ ಹಾಗೆ.

ನಾವು ತಿಳಿದಿರುವುದು, ಹೊಸ ಸಾಲ ಕೇಳಲು ಹೋದಾಗ ಮಾತ್ರ ಈ ಪುಟ ತೆರೆಯುತ್ತಾರೆ ಎಂದು. ಹಾಗಲ್ಲ. ಕಾರ್ಡು ಕೊಟ್ಟ ಬ್ಯಾಂಕು ಕೊಟ್ಟ ಮೇಲೂ ಆಗಾಗ ಅದನ್ನು ತೆರೆದು ನೋಡುತ್ತಿರುತ್ತದೆ. ತನ್ನಲ್ಲಿ ನೀವು ಎಷ್ಟೇ ಸರಿಯಾಗಿ ಕಟ್ಟಿರಿ, ಬೇರೆ ಕಡೆ ವಸೂಲಿಗೆ ಹೋದ ಬಾಕಿಯೊಂದು ನಿಮ್ಮ ಪುಟದಲ್ಲಿ ಕಂಡರೆ ಅದು ಹೆದರುತ್ತದೆ. ಮಿತಿ ಇಳಿಸುತ್ತದೆ, ಇಲ್ಲವೇ ಕಾರ್ಡನ್ನು ತಡೆಹಿಡಿಯುತ್ತದೆ, ಅವಧಿ ಮುಗಿದಾಗ ಹೊಸದು ಕೊಡುವುದಿಲ್ಲ. ಅಲ್ಲಿಗೆ ನಿಲ್ಲುವುದೂ ಇಲ್ಲ. ಅವಳ ಲೆಕ್ಕವನ್ನೇ ನೋಡಿ. 40,000ದಲ್ಲಿ 9,000 ಬಳಸಿದ್ದಾಗ ಕಾಲುಭಾಗಕ್ಕಿಂತ ಕಡಿಮೆ. ಇದು ಒಳ್ಳೆಯ ಗಿರಾಕಿಯ ಲಕ್ಷಣ. ಮಿತಿ 10,000ಕ್ಕೆ ಇಳಿದ ಕೂಡಲೆ ಅದೇ 9,000 ನೂರಕ್ಕೆ 90 ಆಯಿತು. ಇದು ಕಷ್ಟದಲ್ಲಿರುವ ಗಿರಾಕಿಯ ಲಕ್ಷಣ ಎಂದು ಕಂಪ್ಯೂಟರು ಓದುತ್ತದೆ, ಅಂಕ ಇನ್ನಷ್ಟು ಇಳಿಯುತ್ತದೆ. ಅವಳು ಒಂದು ರೂಪಾಯಿಯನ್ನೂ ಹೆಚ್ಚಿಗೆ ಖರ್ಚು ಮಾಡಿರಲಿಲ್ಲ. ಒಂದು ಸುಳ್ಳು ಇನ್ನೊಂದು ಸುಳ್ಳನ್ನು ಹೆತ್ತಿತು.

ಅವಳ ಪುಟಕ್ಕೆ ಆ ಸಾಲ ಹೇಗೆ ಬಂತು? ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ನಮ್ಮ ಕಡೆಯ ಹೆಂಗಸರಿಗೆ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ಕಡಿಮೆ. ಮಹದೇವಮ್ಮ, ಲಕ್ಷ್ಮಮ್ಮ, ಮಂಜುಳ, ಶಾಂತಮ್ಮ; ಮುಂದೆಯೋ ಹಿಂದೆಯೋ ಒಂದು ಅಕ್ಷರ, ಅದು ಅಪ್ಪನದೋ ಗಂಡನದೋ ಊರಿನದೋ ಬರೆಸಿಕೊಂಡವರಿಗೇ ಗೊತ್ತಿರುವುದಿಲ್ಲ. ಹುಟ್ಟಿದ ದಿನ ಎಷ್ಟು ಜನಕ್ಕೆ ಗೊತ್ತು? ಸುಗ್ಗಿಯ ಹೊತ್ತಿನಲ್ಲಿ ಹುಟ್ಟಿದೆ ಎಂದು ಅವ್ವ ಹೇಳಿದ್ದಳು, ಅಷ್ಟೇ. ಆಧಾರ್ ಮಾಡಿಸುವಾಗ ಇಸವಿ ಅಂದಾಜು ಹೇಳಿದರೆ ಜನವರಿ 1 ಎಂದು ಹಾಕಿಬಿಟ್ಟರು. ಹೀಗೆ ಒಂದೇ ಹೆಸರು, ಒಂದೇ ಅಕ್ಷರ, ಒಂದೇ ಜನವರಿ 1 ಇರುವ ಇಬ್ಬರು ಹೆಂಗಸರು ಒಂದೇ ಜಿಲ್ಲೆಯಲ್ಲಿ ಇದ್ದರೆ ಕಂಪ್ಯೂಟರು ಇಬ್ಬರನ್ನೂ ಸೇರಿಸಿ ಒಬ್ಬಳನ್ನಾಗಿ ಮಾಡಬಹುದು. ಇಲ್ಲಿ ಆದದ್ದು ಅದೇ. ಸ್ಕೂಟರ್ ಸಾಲ ಮಾಡಿದ ಆ ಇನ್ನೊಬ್ಬ ಹೆಂಗಸು ಬೇರೆ ತಾಲ್ಲೂಕಿನವಳು. ಕಟ್ಟಲಾಗದೆ ಊರು ಬಿಟ್ಟಿದ್ದಳು. ಅವಳನ್ನು ಹುಡುಕಲು ಫೈನಾನ್ಸ್ ಕಂಪನಿ ವರದಿ ತೆಗೆಸಿತು. ಅದರಲ್ಲಿ ನಮ್ಮವಳ ವಿಳಾಸ ಸಿಕ್ಕಿತು. ಓಡಿಹೋದವಳ ಬಗ್ಗೆಯೂ ನನಗೆ ಕೋಪವಿಲ್ಲ, ಅವಳ ಕಥೆ ಏನಿತ್ತೋ. ಆ ಸ್ಕೂಟರನ್ನು ಯಾರು ಓಡಿಸುತ್ತಿದ್ದರೋ!

ಇಲ್ಲಿ ಸ್ವಲ್ಪ ಹಿಂದಿನ ಮಾತು ಹೇಳಬೇಕು. ಸಣ್ಣ ಸಾಲದ ಲೆಕ್ಕವನ್ನೂ ಹೀಗೆ ಒಂದೆಡೆ ಇಡಬೇಕು ಎಂದು ಒತ್ತಾಯ ಬಂದದ್ದಕ್ಕೆ ನಮ್ಮ ಮೈಸೂರೂ ಒಂದು ಕಾರಣ. 2009ರಲ್ಲಿ ಕೋಲಾರದಲ್ಲಿ ಅಂಜುಮನ್ ಸಮಿತಿ ಮೈಕ್ರೋ ಫೈನಾನ್ಸ್ ಸಾಲ ತೆಗೆದುಕೊಳ್ಳಬೇಡಿ, ಕಟ್ಟಬೇಡಿ ಎಂದು ಮುಸ್ಲಿಂ ಹೆಂಗಸರಿಗೆ ಹೇಳಿತು. ಅದು ಶಿಡ್ಲಘಟ್ಟ, ರಾಮನಗರ, ಮೈಸೂರಿಗೂ ಹಬ್ಬಿತು. ಬೀಡಿ ಕಟ್ಟುವ, ರೇಷ್ಮೆ ಕೆಲಸ ಮಾಡುವ ಹೆಂಗಸರು ಒಂದೇ ಮನೆಯಲ್ಲಿ ನಾಲ್ಕೈದು ಕಂಪನಿಗಳ ಸಾಲದಲ್ಲಿ ಮುಳುಗಿದ್ದು ನಿಜ. ಆದರೆ ಸಾಲ ತರಬೇಕು ಎಂದು ಕಳಿಸಿದವರು ಗಂಡಸರು, ಕಟ್ಟಬೇಡಿ ಎಂದು ತೀರ್ಮಾನಿಸಿದವರೂ ಗಂಡಸರು. ಪುಸ್ತಕದಲ್ಲಿ ಹೆಸರು ಮಾತ್ರ ಹೆಂಗಸರದು. ಮರುವರ್ಷ ಆಂಧ್ರದಲ್ಲಿ ದೊಡ್ಡ ಬಿಕ್ಕಟ್ಟಾಯಿತು. 2011ರಲ್ಲಿ ಮಾಲೇಗಾಂ ಸಮಿತಿ, ಒಬ್ಬರಿಗೇ ಹತ್ತು ಕಡೆ ಸಾಲ ಹೇರುವುದನ್ನು ತಡೆಯಲು ಸಾಲಗಾರರ ಮಾಹಿತಿ ಒಂದೆಡೆ ಸಿಗಬೇಕು ಎಂದಿತು. ನನಗೂ ಅದು ಸರಿ ಎನ್ನಿಸಿತ್ತು, ಈಗಲೂ ಎನ್ನಿಸುತ್ತದೆ. ಹೆಂಗಸರನ್ನು ಅತಿಸಾಲದಿಂದ ಕಾಪಾಡಲು ಬಂದ ಪುಸ್ತಕ ಅದು. ಆದರೆ ಪುಸ್ತಕ ಬರೆಯುವವರು ತಪ್ಪು ಬರೆದರೆ ಅದನ್ನು ತಿದ್ದಿಸುವ ದಾರಿಯನ್ನು ಯಾರೂ ನಮ್ಮ ಹೆಂಗಸರಿಗೆ ಹೇಳಿಕೊಡಲಿಲ್ಲ.

2025ರ ಜನವರಿಯಲ್ಲಿ ಮೈಸೂರು, ಚಾಮರಾಜನಗರ ಜಿಲ್ಲೆಗಳ ಹಳ್ಳಿಗಳಲ್ಲಿ ವಸೂಲಿಗಾರರ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಹೋದದ್ದು, ಆತ್ಮಹತ್ಯೆಗಳಾದದ್ದು ನಿಮಗೆ ನೆನಪಿದೆ. ಅದಾದ ಮೇಲೆ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯಿದೆಯಾಯಿತು; 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದರ ಗಮನವೆಲ್ಲ ಬಲವಂತದ ವಸೂಲಿಯ ಮೇಲೆ. ಬಾಗಿಲಿಗೆ ಬಂದು ಕೂಗುವವನನ್ನು ಅದು ಹಿಡಿಯಬಹುದು. ಯಾರ ಬಾಗಿಲಿಗೆ ಹೋಗಬೇಕು ಎಂದು ಅವನಿಗೆ ಹೇಳುವ ಪುಟದಲ್ಲೇ ತಪ್ಪಿದ್ದರೆ?

ಇನ್ನು ಅವಳು ಏನು ಮಾಡಿದಳು ಎಂದು ಹೇಳುತ್ತೇನೆ. ಮೊದಲು ಎರಡು ತಿಂಗಳು ಹಾಳಾದವು. ಫೈನಾನ್ಸ್ ಕಂಪನಿಯ ಕಚೇರಿಗೆ ನಾಲ್ಕು ಸಲ ಹೋಗಿ ಬಾಯಿಮಾತಿನಲ್ಲಿ ಹೇಳಿಕೊಂಡಳು. "ನೋಡ್ತೀವಿ ಹೋಗಮ್ಮ" ಎಂದರು. ವಸೂಲಿಗೆ ಬಂದವರು ಮಾತ್ರ ಬೇರೆ ಉಪಾಯ ಹೇಳಿದರು: 20,000 ಕಟ್ಟಿಬಿಡು, ಸೆಟಲ್‌ಮೆಂಟ್ ಮಾಡಿ ಹೆಸರು ತೆಗೆಸುತ್ತೇವೆ. ಅವಳ ತಮ್ಮ ಅದಕ್ಕೂ ಒಪ್ಪಿದ್ದ. ಹಾಗೆ ಮಾಡಿದ್ದರೆ ಆ ಸಾಲ ನನ್ನದೇ ಎಂದು ಒಪ್ಪಿಕೊಂಡ ಹಾಗೆ. ಹೆಸರೂ ಹೋಗುವುದಿಲ್ಲ, ಪೂರ್ತಿ ಕಟ್ಟದೆ ರಾಜಿಯಾದ ಸಾಲ ಎಂಬ ಕಲೆ ಪುಟದಲ್ಲಿ ಉಳಿಯುತ್ತದೆ. ಈ ಕಂಪನಿಗಳು ಕನಿಷ್ಠ 7 ವರ್ಷ ಮಾಹಿತಿ ಇಟ್ಟುಕೊಳ್ಳಬೇಕು ಎಂಬ ನಿಯಮವಿದೆ. ಮಾಡದ ಸಾಲಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ, ಯಾರು ಹೆದರಿಸಿದರೂ.

ಸೆಪ್ಟೆಂಬರ್ ಮಧ್ಯದಲ್ಲಿ ನಾವು ಕೂತು ವರದಿ ತೆಗೆಸಿದೆವು. ಇದಕ್ಕೆ ಹಣ ಕೊಡಬೇಕಿಲ್ಲ. 2017ರಿಂದ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ತೆಗೆಸಿಕೊಡುತ್ತೇನೆ ಎಂದು 500, 1,000 ಕೇಳುವ ಅಂಗಡಿಗಳಿವೆ, ಕೊಡಬೇಡಿ. ಒಂದು ಕಂಪನಿಯ ವರದಿಯಲ್ಲಿ ಇಲ್ಲದ ತಪ್ಪು ಇನ್ನೊಂದರಲ್ಲಿ ಇರಬಹುದು, ಆದ್ದರಿಂದ ನಾಲ್ಕನ್ನೂ ನೋಡಬೇಕು. ಅವಳ ವಿಷಯದಲ್ಲಿ ಎರಡರಲ್ಲಿ ಸ್ಕೂಟರ್ ಸಾಲ ಇತ್ತು, ಎರಡರಲ್ಲಿ ಇರಲಿಲ್ಲ. ಇದೇ ನಮಗೆ ದೊಡ್ಡ ಬಲವಾಯಿತು. ಸಾಲದ ಖಾತೆಯ ನಂಬರು, ತೆಗೆದುಕೊಂಡ ತಾರೀಖು ಬರೆದುಕೊಂಡು, ಈ ಸಾಲ ನನ್ನದಲ್ಲ, ಅರ್ಜಿಯ ಮೇಲಿರುವ ಫೋಟೋ ಮತ್ತು ಸಹಿಯನ್ನು ನನ್ನದರ ಜೊತೆ ಹೋಲಿಸಿ ನೋಡಿ ಎಂದು ಕನ್ನಡದಲ್ಲೇ ಕಾಗದ ಬರೆದೆವು. ಒಂದು ಪ್ರತಿ ಫೈನಾನ್ಸ್ ಕಂಪನಿಯ ದೂರು ಅಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ, ಇನ್ನೆರಡು ಆ ಎರಡು ಮಾಹಿತಿ ಕಂಪನಿಗಳಿಗೆ. ಅವುಗಳ ವೆಬ್‌ಸೈಟಿನಲ್ಲೂ ದೂರು ದಾಖಲಿಸಿ ನಂಬರು ಪಡೆದೆವು. ಮಾಹಿತಿ ಕಂಪನಿ ತಾನಾಗಿಯೇ ಅಳಿಸುವುದಿಲ್ಲ, ಸಾಲ ಕೊಟ್ಟವರು ತಪ್ಪು ಎಂದು ಒಪ್ಪಬೇಕು. ಆದ್ದರಿಂದ ಇಬ್ಬರಿಗೂ ಬರೆಯಬೇಕು.

ದೂರು ಕೊಟ್ಟ 30 ದಿನದೊಳಗೆ ಇತ್ಯರ್ಥವಾಗಬೇಕು. ಆಗದಿದ್ದರೆ ಆಮೇಲಿನ ಒಂದೊಂದು ದಿನಕ್ಕೂ 100 ರೂಪಾಯಿ ಪರಿಹಾರ ಕೊಡಬೇಕು. 2023ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು ಮಾಡಿದ ಈ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸಾಲ ಕೊಟ್ಟವರು 21 ದಿನದೊಳಗೆ ತಿದ್ದಿದ ವಿವರ ಕಳಿಸದಿದ್ದರೆ ಅವರು ಕೊಡಬೇಕು. ಅವರು ಕಳಿಸಿಯೂ ಮಾಹಿತಿ ಕಂಪನಿ ತಡಮಾಡಿದರೆ ಕಂಪನಿ ಕೊಡಬೇಕು. ತಿದ್ದುವುದಿಲ್ಲ ಎನ್ನುವುದಾದರೆ ಅದಕ್ಕೆ ಕಾರಣ ತಿಳಿಸಬೇಕು. ನಮ್ಮ ಕಾಗದಕ್ಕೆ 30 ದಿನದಲ್ಲಿ ಉತ್ತರ ಬರಲಿಲ್ಲ. ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಿದೆವು. 2022ರ ಸೆಪ್ಟೆಂಬರಿನಿಂದ ಮಾಹಿತಿ ಕಂಪನಿಗಳೂ ಅವರ ವ್ಯಾಪ್ತಿಗೆ ಬಂದಿವೆ. ಇದಕ್ಕೂ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ದಾರಿ ಹೇಳುತ್ತಾರೆ. ನವೆಂಬರ್ ಕೊನೆಯ ವಾರದಲ್ಲಿ ಆ ಸಾಲ ಅವಳ ಪುಟದಿಂದ ಹೋಯಿತು. ತಡವಾದ 41 ದಿನಕ್ಕೆ 4,100 ರೂಪಾಯಿ ಅವಳ ಖಾತೆಗೆ ಬಂತು. ಜುಲೈನಿಂದ ಬಾಯಿಮಾತಿನಲ್ಲಿ ಅಲೆದಾಡಿದ ದಿನಗಳಿಗೆ ಏನೂ ಇಲ್ಲ. ಕಾಗದ ಇಲ್ಲದ ದೂರಿಗೆ ದಿನದ ಲೆಕ್ಕವಿಲ್ಲ.

ಅಷ್ಟರಲ್ಲಿ ದಸರಾ ಮುಗಿದಿತ್ತು. ಸಗಟು ಬಟ್ಟೆ ತರಲಾಗದೆ ಆ ಹಂಗಾಮಿನ ಕೆಲಸ ಬೇರೆಯವರ ಪಾಲಾಯಿತು. ಪುಟ ಸರಿಯಾದರೂ ಕಾರ್ಡಿನ ಮಿತಿ ತಾನಾಗಿ ಏರಲಿಲ್ಲ. ಸರಿಯಾದ ವರದಿಯ ಪ್ರತಿ, ಫೈನಾನ್ಸ್ ಕಂಪನಿಯ ಕಾಗದದ ಪ್ರತಿ ಇಟ್ಟು ಬ್ಯಾಂಕಿಗೆ ಬರೆದು ಕೇಳಬೇಕಾಯಿತು. ಎರಡು ತಿಂಗಳ ಮೇಲೆ 25,000 ಮಾಡಿದ್ದಾರೆ. ಒಂದು ವಿಷಯದಲ್ಲಿ ಮಾತ್ರ ಅವಳು ನಮಗಿಂತ ಬುದ್ಧಿವಂತೆ. ಈ ಗಲಾಟೆಯ ನಡುವೆಯೂ ಕಾರ್ಡಿನ 9,000ವನ್ನು ಗಡುವಿನೊಳಗೆ ಕಟ್ಟಿದ್ದಳು. ಗಡುವು ದಾಟಿ ಮೂರು ದಿನವಾದ ಮೇಲೆ ಕಾರ್ಡಿನ ಬಾಕಿಯೂ ಪುಟಕ್ಕೆ ಹೋಗಬಹುದು. ನನ್ನ ಮೇಲೆ ತಪ್ಪು ಬರೆದಿದ್ದಾರೆ ಎಂಬ ಸಿಟ್ಟಿಗೆ ನಿಜವಾದ ಸಾಲ ಕಟ್ಟುವುದನ್ನು ನಿಲ್ಲಿಸಿದರೆ ಸುಳ್ಳಿನ ಪಕ್ಕದಲ್ಲಿ ಒಂದು ಸತ್ಯವೂ ಸೇರಿಕೊಳ್ಳುತ್ತದೆ.

ಅವಳ ಸಂಘಕ್ಕೆ ಬರಬೇಕಿದ್ದ ಬ್ಯಾಂಕ್ ಸಾಲವನ್ನೂ ಶಾಖೆಯವರು ನಿಲ್ಲಿಸಿದ್ದರು, ಒಬ್ಬಳ ಪುಟ ಕೆಟ್ಟಿದೆ ಎಂದು. ಉಳಿದ ಹನ್ನೊಂದು ಜನ ಅವಳ ಮೇಲೆ ಮುನಿಸಿಕೊಂಡರು. ಕೆಲವರು ಅವಳನ್ನು ಸಂಘದಿಂದ ತೆಗೆಯೋಣ ಎಂದರು. ನಿಮ್ಮಲ್ಲೂ ಹೀಗಾದರೆ ಒಂದು ಮಾತು ತಿಳಿದಿರಲಿ. ರಾಷ್ಟ್ರೀಯ ಜೀವನೋಪಾಯ ಅಭಿಯಾನದ ಸಂಘಗಳಿಗೆ ಸಾಲ ಕೊಡುವ ಬಗ್ಗೆ ರಿಸರ್ವ್ ಬ್ಯಾಂಕು ಹೊರಡಿಸಿರುವ ಸುತ್ತೋಲೆಯಲ್ಲಿ, ಸಂಘ ಬಾಕಿದಾರನಲ್ಲದಿದ್ದರೆ ಒಬ್ಬ ಸದಸ್ಯೆಯ ಅಥವಾ ಅವಳ ಮನೆಯವರ ಬಾಕಿ ಸಾಮಾನ್ಯವಾಗಿ ಸಂಘದ ಸಾಲಕ್ಕೆ ಅಡ್ಡಿಯಾಗಬಾರದು ಎಂದಿದೆ. ಆ ಸಾಲದಿಂದ ಬಾಕಿದಾರಳಿಗೆ ಹಣ ಕೊಡುವಂತಿಲ್ಲ, ಅಷ್ಟೇ. ಇದನ್ನು ಮ್ಯಾನೇಜರಿಗೆ ತೋರಿಸಿದಾಗ ಅವರಿಗೇ ಗೊತ್ತಿರಲಿಲ್ಲ.

ಇಷ್ಟು ತಪ್ಪು ದಾಖಲೆಯ ಮಾತಾಯಿತು. ಇದಕ್ಕಿಂತ ಕಷ್ಟದ ಇನ್ನೊಂದು ಬಗೆಯಿದೆ. ಅದು ಕಂಪ್ಯೂಟರಿನ ಲೆಕ್ಕದಲ್ಲಿ ತಪ್ಪೇ ಅಲ್ಲ. ನಮ್ಮ ಕಚೇರಿಗೆ ಬರುವ ಹೆಂಗಸರಲ್ಲಿ ಇತ್ತೀಚೆಗೆ ಮತ್ತೆ ಮತ್ತೆ ಕೇಳುತ್ತಿರುವ ಮಾತು: "ಸಂಘದಲ್ಲಿ ಸಾಲ ಎತ್ಕೊಂಡು ಬಾ ಅಂತಾರೆ ಕಣಕ್ಕ, ಇಲ್ಲಾ ಅಂದ್ರೆ ಹೊಡೀತಾರೆ." ಹಿಂದೆ ತವರಿನಿಂದ ತಾ ಎನ್ನುತ್ತಿದ್ದರು. ತವರು ಬರಿದಾದ ಮೇಲೆ ಸಂಘದಿಂದ ತಾ ಎನ್ನುತ್ತಿದ್ದಾರೆ. ಗಂಡನ ಬೈಕಿಗೆ, ನಾದಿನಿಯ ಮದುವೆಗೆ, ಮೈದುನನ ಅಂಗಡಿಗೆ ಇವಳ ಸಹಿ, ಇವಳ ಹೆಬ್ಬೆಟ್ಟು. ಇವಳ ಆಧಾರ್ ಹಿಡಿದು ಇವಳ ಫೋನಿನಲ್ಲೇ ಆ್ಯಪ್ ಸಾಲ ಎತ್ತಿದ ಗಂಡಂದಿರೂ ಇದ್ದಾರೆ. ಕಟ್ಟದೆ ಹೋದಾಗ ಕೆಡುವುದು ಇವಳ ಪುಟ.

ಸಹಿ ನಿನ್ನದೇ ತಾನೇ ಎಂದು ಬ್ಯಾಂಕು ಕೇಳುತ್ತದೆ. ಹೌದು, ಸಹಿ ಇವಳದು. ಪೆಟ್ಟಿನ ಭಯದಲ್ಲಿ ಹಾಕಿದ ಸಹಿ ಒಪ್ಪಿಗೆಯಲ್ಲ ಎಂದು ನಾನು ನಂಬುತ್ತೇನೆ. ಆದರೆ ಇಂಥ ಸಾಲವನ್ನು ಪುಟದಿಂದ ಅಳಿಸಲು ಮೇಲೆ ಹೇಳಿದ ದಾರಿ ಉಪಯೋಗಕ್ಕೆ ಬರುವುದಿಲ್ಲ. ಅದನ್ನು ಮುಚ್ಚಿಟ್ಟು ನಿಮಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ಇವಳಿಗೆ ಗೊತ್ತಿಲ್ಲದೆ ಬೇರೆಯವರು ಸಹಿ ಹಾಕಿದ್ದರೆ ಅದು ಬೇರೆ ಮಾತು. ಅದು ಮೋಸ, ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿಯನ್ನು ಸಾಲ ಕೊಟ್ಟವರಿಗೆ ಕಳಿಸಬೇಕು. ಫೋನಿನ ಮೂಲಕ ಆದ ಮೋಸಕ್ಕೆ 1930 ಇದೆ. ಬಲವಂತದ ಸಹಿಗೆ ಇರುವುದು 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ. ಅದರ 3ನೆಯ ಕಲಮು ಆರ್ಥಿಕ ಹಿಂಸೆಯನ್ನು ಹೊಡೆತ ಬಡಿತದ ಸಮಾನವಾಗಿ ಇಟ್ಟಿದೆ. 20ನೆಯ ಕಲಮಿನಲ್ಲಿ, ಆದ ನಷ್ಟವನ್ನು ಗಂಡ ತುಂಬಿಕೊಡಬೇಕು ಎಂದು ಮ್ಯಾಜಿಸ್ಟ್ರೇಟರನ್ನು ಕೇಳಬಹುದು. ಪುಟ ತೊಳೆಯದಿದ್ದರೂ ಹಣವನ್ನು ಅವನಿಂದ ತೆಗೆಸುವ ದಾರಿ ಅದು. ಹಣದ ಬೇಡಿಕೆ ವರದಕ್ಷಿಣೆ ಹೌದೋ ಅಲ್ಲವೋ ಎಂದು ಪೊಲೀಸ್ ಠಾಣೆಯಲ್ಲಿ ವಾದ ಹೂಡಿದರೆ, ಮನೆ ಕಟ್ಟಲು ತವರಿನಿಂದ ಹಣ ಕೇಳಿದ್ದೂ ವರದಕ್ಷಿಣೆಯೇ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ನೆನಪಿಸಿ. ಹಿಂದಿನ 498-ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86 ಎಂದಾಗಿದೆ, 2024ರ ಜುಲೈ 1ರಿಂದ. ಹೆಸರು ಬದಲಾಯಿತು ಎಂದು ದೂರು ತೆಗೆದುಕೊಳ್ಳದವರನ್ನೂ ಕಂಡಿದ್ದೇವೆ.

ನಮ್ಮ ಗೆಳತಿ ಕೇಸು ಹಾಕಲಿಲ್ಲ. ಸಂರಕ್ಷಣಾಧಿಕಾರಿಯ ಬಳಿ ಹೋಗಿ ನಡೆದದ್ದನ್ನೆಲ್ಲ ಬರೆಸಿ ವರದಿಯ ಪ್ರತಿ ತನ್ನ ಹತ್ತಿರ ಇಟ್ಟುಕೊಂಡಿದ್ದಾಳೆ. ಮಗಳ ಪಿಯುಸಿ ಮುಗಿಯಲಿ ಎನ್ನುತ್ತಾಳೆ. ನಾನು ಒತ್ತಾಯಿಸಿಲ್ಲ, ಒಪ್ಪಿಯೂ ಇಲ್ಲ. ಗಂಡ ತಪ್ಪಾಯಿತು ಎಂದಿಲ್ಲ. "ಕಂಪ್ಯೂಟರ್ ಮಿಸ್ಟೇಕು" ಎಂದನಂತೆ. ಕಂಪ್ಯೂಟರು ಹೆಸರು ತಪ್ಪಾಗಿ ಬರೆದಿತ್ತು ನಿಜ, ಬೆಲ್ಟು ಬಿಚ್ಚಿದ್ದು ಕಂಪ್ಯೂಟರಲ್ಲ.

ಬರುವ ತಿಂಗಳ ಸಂಘದ ಸಭೆಗೆ ಎಲ್ಲರೂ ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ತನ್ನಿ. ಮೂರರಲ್ಲೂ ಹೆಸರಿನ ಅಕ್ಷರ, ಹುಟ್ಟಿದ ತಾರೀಖು ಒಂದೇ ಇದೆಯೇ ನೋಡಿ. ಬ್ಯಾಂಕಿನಲ್ಲಿ ಯಾರ ಫೋನ್ ನಂಬರು ಕೊಟ್ಟಿದ್ದೀರಿ ನೋಡಿ. ನಿಮ್ಮದೇ ಫೋನ್ ಇದ್ದರೆ ಬದಲಾಯಿಸಿ. ಯಾರಾದರೂ ನಿಮ್ಮ ವರದಿ ತೆರೆದಾಗಲೂ, ಬಾಕಿ ಬರೆದಾಗಲೂ ಸಂದೇಶ ಬರಬೇಕು ಎಂಬ ನಿಯಮವಿದೆ, ಅದು ನಿಮಗೇ ಬರಲಿ. ವಸೂಲಿಗೆಂದು ಯಾರಾದರೂ ಬಂದರೆ ಗುರುತಿನ ಚೀಟಿ ಮತ್ತು ಕಂಪನಿಯ ಪತ್ರ ಕೇಳಿ. ಮೈಕ್ರೋ ಫೈನಾನ್ಸ್ ಸಾಲದವರು ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ, ನೆಂಟರಿಷ್ಟರನ್ನು ಪೀಡಿಸುವಂತಿಲ್ಲ. ನಿಮ್ಮ ವರದಿಯಲ್ಲಿ ನಿಮ್ಮದಲ್ಲದ ಸಾಲ ಕಂಡರೆ ನಮಗೆ ಬರೆಯಿರಿ. ನಾವು ಬಳಸಿದ ದೂರಿನ ಕಾಗದದ ಮಾದರಿಯನ್ನು ಮುಂದಿನ ಸಂಚಿಕೆಯಲ್ಲಿ, ಹರಿದು ಬಳಸಿಕೊಳ್ಳಲು ಬರುವ ಹಾಗೆ, ಪೂರ್ತಿ ಪುಟದಲ್ಲಿ ಅಚ್ಚು ಮಾಡುತ್ತೇವೆ.